ಬಸ್ ಮಾಮನ ಬಲಗಾಲು

ಶಾಲೆಯ ಬಸ್ಸು ಓಡಿಸುತ್ತಿದ್ದವನಿಗೆ ಮಕ್ಕಳು ಇಟ್ಟ ಹೆಸರು ಬಸ್ ಮಾಮ. ದೊಡ್ಡವರ ಬಾಯಲ್ಲೂ ಅದೇ ನಿಂತುಹೋಗಿತ್ತು. ಐವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ, ಸದಾ ಏನಾದರೊಂದು ತಮಾಷೆಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿರುತ್ತಿದ್ದ ಮನುಷ್ಯ. ಅವನ ಹೆಂಡತಿ ಅದೇ ಬಸ್ಸಿನಲ್ಲಿ ಆಯಾ. ಮಕ್ಕಳನ್ನು ಕೈಹಿಡಿದು ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿಕೊಂಡವರ ಬಾಯಿ ಒರೆಸುವುದು ಅವಳ ಕೆಲಸ. ‘ಮನೇಲೂ ಇವಳೇ ಬ್ರೇಕು, ಬಸ್ಸಲ್ಲೂ ಇವಳೇ ಬ್ರೇಕು’ ಎಂದು ಮಾಮ ನಗಿಸುತ್ತಿದ್ದ. ಅವಳು ಮಾತ್ರ ನಗುತ್ತಿರಲಿಲ್ಲ. ಡ್ರೈವರ್ ಸೀಟಿನ ಪಕ್ಕದ ಒಂಟಿ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದಳು.

ಆ ಬಸ್ಸಿನಲ್ಲಿ ದಿನಾ ಹೋಗಿಬರುತ್ತಿದ್ದ ಮಕ್ಕಳಲ್ಲಿ ಬೆನ್ನಿನ ಡಾಕ್ಟರಮ್ಮನ ಮಗಳೂ ಒಬ್ಬಳು. ಡಾಕ್ಟರಮ್ಮ ಕೈರೋಪ್ರಾಕ್ಟರ್. ಮಾತ್ರೆ, ಇಂಜೆಕ್ಷನ್ ಕೊಡುವವಳಲ್ಲ. ಬೆನ್ನುಮೂಳೆ, ಕತ್ತು, ಸೊಂಟದ ಕೀಲುಗಳನ್ನು ಕೈಯಿಂದಲೇ ಒತ್ತಿ ಸರಿಮಾಡುವವಳು. ಗಂಡ ತೀರಿಕೊಂಡ ಮೇಲೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದಳು. ಮುಂದಿನ ಕೋಣೆಯಲ್ಲಿ ಅವಳ ಅಮ್ಮ ಕೂತು ಫೋನು ನೋಡಿಕೊಳ್ಳುತ್ತಿದ್ದಳು. ಒಳಗಿನ ಕೋಣೆಯಲ್ಲಿ ಮಲಗಿಸುವ ಮಂಚ, ಗಾಲಿಯ ಸ್ಟೂಲು, ಒಂದು ಕಿಟಕಿ. ಕೆಳಗೆ ಟೈರಿಗೆ ಗಾಳಿ ಹೊಡೆಯುವ ಸದ್ದು ಮೇಲಿನವರೆಗೂ ಬರುತ್ತಿತ್ತು.

ಹೋದ ವರ್ಷ ಅವಳು ಒಂದು ಲೇಸರ್ ಯಂತ್ರವನ್ನು ತಂದಿದ್ದಳು. ಕೈಯಲ್ಲಿ ಹಿಡಿಯುವ ಟಾರ್ಚಿನಂಥ ಹಿಡಿಕೆ, ಅದಕ್ಕೊಂದು ಉದ್ದ ವಯರು, ವಯರಿನ ಕೊನೆಗೆ ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆ. ಹಿಡಿಕೆಯಿಂದ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಎಲ್ಲಿ ಬೀಳುತ್ತಿದೆ ಎಂದು ತೋರಿಸಲು ಒಂದು ಕೆಂಪು ಚುಕ್ಕಿ ಮಾತ್ರ ಕಾಣುತ್ತದೆ. ಆ ಬೆಳಕು ಚರ್ಮದೊಳಗೆ ಇಳಿದು ನೋವು, ಬಾವು ಇಳಿಸುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಅದಕ್ಕೇ ಹಾಕಿಸಿಕೊಳ್ಳುವವರಿಗೂ ಹಾಕುವವರಿಗೂ ಕಪ್ಪು ಕನ್ನಡಕ. ಹಿಡಿಕೆಯನ್ನು ಎಲ್ಲೂ ನಿಲ್ಲಿಸುವಂತಿಲ್ಲ, ಗೋಡೆಗೆ ಬಣ್ಣ ಹೊಡೆಯುವ ಹಾಗೆ ಆಡಿಸುತ್ತಲೇ ಇರಬೇಕು. ನಿಂತರೆ ಸುಡುತ್ತದೆ. ಆದರೆ ಸುಡುವ ಮೊದಲೇ ಮನುಷ್ಯ ‘ಅಯ್ಯೋ’ ಎಂದು ಕಾಲೆಳೆದುಕೊಳ್ಳುತ್ತಾನೆ. ಯಂತ್ರಕ್ಕಿಂತ ಆ ‘ಅಯ್ಯೋ’ದ ಮೇಲೇ ಅವಳಿಗೆ ಹೆಚ್ಚು ಭರವಸೆ.

ಮಾಮ ಮೊದಲು ಬಂದದ್ದು ಸೊಂಟ ಹಿಡಿದುಕೊಂಡು. ಮಗಳೇ ಅವನನ್ನು ಕರೆತಂದಿದ್ದಳು, ‘ನಮ್ಮಮ್ಮ ನಿಮ್ಮನ್ನ ರಿಪೇರಿ ಮಾಡ್ತಾಳೆ’ ಎಂದು.

‘ಬೆನ್ನು ಅಂದ್ರೆ ಬೆನ್ನಲ್ಲ ಡಾಕ್ಟ್ರೇ, ಹಳೇ ಗೇರ್‌ಬಾಕ್ಸು,’ ಎಂದ ಮಾಮ. ‘ಬಗ್ಗಿದ್ರೆ ಬಗ್ಗಿದಲ್ಲೇ ನ್ಯೂಟ್ರಲ್.’

ಅವಳು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಅವನಿಗೂ ಕೇಳಿದಳು. ಸಕ್ಕರೆ ಕಾಯಿಲೆ ಇದೆಯಾ? ಇಲ್ಲ. ಕೈಕಾಲು ಎಲ್ಲಾದರೂ ಮರಗಟ್ಟುತ್ತಾ? ಇಲ್ಲ. ಬೇರೆ ಯಾವುದಾದರೂ ಮಾತ್ರೆ? ‘ಹೆಂಡತಿ ಕೊಡೋ ಬೈಗುಳ ಬಿಟ್ಟರೆ ಇನ್ನೇನೂ ಇಲ್ಲ.’ ಮುಂದಿನ ಕೋಣೆಯಲ್ಲಿ ಕೂತಿದ್ದ ಅಮ್ಮನಿಗೂ ನಗು ತಡೆಯಲಾಗಲಿಲ್ಲ.

ಕೈಯ ಕೆಲಸ, ಮೇಲೆ ಲೇಸರು, ಎರಡೂ ಸೇರಿ ಸೊಂಟ ಹಗುರಾಯಿತು. ಮಾಮ ಊರೆಲ್ಲ ಹೇಳಿಕೊಂಡು ತಿರುಗಿದ. ಶಾಲೆಯ ಮೇಷ್ಟ್ರುಗಳು, ಅಡುಗೆಯವರು, ಕಾವಲುಗಾರ, ಒಬ್ಬೊಬ್ಬರಾಗಿ ಟೈರ್ ಅಂಗಡಿಯ ಮೆಟ್ಟಿಲು ಹತ್ತಿಬಂದರು. ಡಾಕ್ಟರಮ್ಮನಿಗೆ ಮೊದಲ ಬಾರಿಗೆ, ಇಲ್ಲಿ ಕಾಲೂರಿದೆ ಅನ್ನಿಸಿತು.

ಆಮೇಲೊಂದು ದಿನ ಮಾಮ ಬಲಗಾಲು ತೋರಿಸಿದ. ಪಾದ ಒಂದೇ ಸಮ ಉರಿಯುತ್ತದೆ, ಮಲಗಿದರೆ ಮೆಣಸಿನಪುಡಿ ಎರಚಿದ ಹಾಗೆ. ಸೊಂಟದಲ್ಲಿ ನರ ಒತ್ತಿಕೊಂಡರೆ ಹಾಗಾಗುವುದುಂಟು. ಅವಳು ಹಾಗೇ ತಿಳಿದಳು. ಆದರೂ ಪರೀಕ್ಷೆ ಮಾಡದೆ ಬಿಡಲಿಲ್ಲ. ‘ಕಣ್ಣು ಮುಚ್ಚಿಕೊಳ್ಳಿ ಮಾಮ. ನಾನು ಹತ್ತಿಯಲ್ಲಿ ಮುಟ್ಟುತ್ತೇನೆ. ಗೊತ್ತಾದಾಗ ಹೇಳಿ’ ಎಂದಳು. ಹೆಬ್ಬೆರಳಿಗೆ ಮುಟ್ಟಿದಳು. ‘ಹಾಂ.’ ಹಿಮ್ಮಡಿಗೆ ಮುಟ್ಟಿದಳು. ‘ಹಾಂ.’ ಕಾಲಿನ ಪಕ್ಕಕ್ಕೆ ಮುಟ್ಟಿದಳು. ‘ಹಾಂ, ಕಚಗುಳಿ ಇಡಬೇಡಿ ತಾಯಿ.’ ಎಲ್ಲ ಸರಿಯಿದೆ ಎಂದುಕೊಂಡಳು.

ಅದೇ ವಾರ ಮಗಳು ಊಟಕ್ಕೆ ಕೂತಾಗ ಒಂದು ಕತೆ ಹೇಳಿದಳು. ಶಾಲೆಯ ಗೇಟಿನ ಹತ್ತಿರ ಬಸ್ಸು ಫುಟ್‌ಪಾತಿನ ಮೇಲೆ ಹತ್ತಿಬಿಟ್ಟಿತಂತೆ. ಹಾಲಿನ ಕ್ರೇಟುಗಳೆಲ್ಲ ಬಿದ್ದು ಬೀದಿಯೆಲ್ಲ ಬಿಳಿಯಾಯಿತಂತೆ. ‘ಮಾಮ ಏನಂದ್ರು ಗೊತ್ತಾ? ಬಸ್ಸಿಗೂ ಹಾಲು ಕುಡಿಯೋ ಆಸೆ ಆಯ್ತು ಅಂದ್ರು.’ ಅಜ್ಜಿ, ಮೊಮ್ಮಗಳು, ಡಾಕ್ಟರಮ್ಮ ಮೂವರೂ ನಕ್ಕರು.

ಪಾದಕ್ಕೆ ಲೇಸರ್ ಹಾಕುವ ಮೂರನೆಯ ಸರದಿ. ಮಾಮ ಕನ್ನಡಕ ಹಾಕಿಕೊಂಡು ಅಂಗಾತ ಮಲಗಿ, ಯಾವುದೋ ಮೇಷ್ಟ್ರು ಬಸ್ಸಿನಲ್ಲೇ ನಿದ್ದೆಹೋಗಿ ಡಿಪೋದಲ್ಲಿ ಎದ್ದ ಕತೆ ಹೇಳುತ್ತಿದ್ದ. ಅವಳು ಹಿಮ್ಮಡಿಯ ಒಳಬದಿಯಲ್ಲಿ ಹಿಡಿಕೆ ಆಡಿಸುತ್ತಿದ್ದಳು. ಬಾಗಿಲಾಚೆಯಿಂದ ಅಮ್ಮ ಕೂಗಿದಳು: ‘ನಾಳೆ ಬೆಳಿಗ್ಗೆ ಒಬ್ಬರನ್ನ ಸೇರಿಸಿಕೊಳ್ಳೋಕ್ಕಾಗುತ್ತಾ? ತುಂಬಾ ನೋವಂತೆ.’ ಅವಳು ತಲೆ ತಿರುಗಿಸಿ, ಯಾರು ಎಂದು ಕೇಳಿದಳು, ಎಷ್ಟು ಹೊತ್ತಿಗೆ ಎಂದು ಯೋಚಿಸಿದಳು, ಬರಹೇಳು ಎಂದಳು. ಆ ಮಾತಿನ ಉದ್ದಕ್ಕೂ ಅವಳ ಕೈ ನಿಂತಿತ್ತು. ತಿರುಗಿ ನೋಡಿದಾಗ ಕೆಂಪು ಚುಕ್ಕಿ ಮೂಳೆ ಉಬ್ಬಿದ ಕಡೆ ಚರ್ಮದ ಮೇಲೆ ಅಲುಗಾಡದೆ ಕೂತಿತ್ತು. ಅವಳು ಸರಕ್ಕನೆ ಕೈ ಎತ್ತಿದಳು.

‘ಮಾಮ, ಸುಟ್ಟಿತಾ?’

‘ಏನು?’

‘ಇಲ್ಲಿ. ಬಿಸಿ ಜಾಸ್ತಿ ಆಯ್ತಾ?’

‘ಬೆಚ್ಚಗಿತ್ತು. ಹಿತವಾಗಿತ್ತು,’ ಎಂದು ಮಾಮ ಕತೆ ಮುಂದುವರಿಸಿದ.

ಆ ಜಾಗ ನಾಣ್ಯದಗಲ ಕೆಂಪಗಾಗಿತ್ತು. ತಣ್ಣೀರಿನ ಬಟ್ಟೆ ಇಟ್ಟಳು. ನಾಳೆ ತೋರಿಸಿ, ಬೊಬ್ಬೆ ಎದ್ದರೆ ಒಡೆಯಬೇಡಿ, ಶೂ ಹಾಕಬೇಡಿ ಎಂದು ಹೇಳಿದಳು. ಅವನು ಹೂಂಗುಟ್ಟಿ ಕಾಲುಚೀಲ ಏರಿಸಿದ, ಶೂ ಕಟ್ಟಿದ, ಮೆಟ್ಟಿಲಿಳಿದು ಹೋದ. ನೋವಾಗಿದ್ದರೆ ಹೇಳುತ್ತಿದ್ದನಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು.

ಮಾರನೆಯ ದಿನ ಅವನು ಬರಲಿಲ್ಲ. ಮಗಳ ಕೈಯಲ್ಲಿ ಹೇಳಿಕಳಿಸಿದಳು; ಪರೀಕ್ಷೆಯ ಸಮಯ, ಬಿಡುವಿಲ್ಲ ಎಂದು ಉತ್ತರ ಬಂತು. ಅವಳೇ ಬಸ್‌ಸ್ಟಾಪಿಗೆ ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಬಸ್ಸು ಬಂದುಹೋಗುತ್ತಲೇ ಇತ್ತು, ಹಾರನ್ ಕೇಳಿಸುತ್ತಲೇ ಇತ್ತು. ಹಾಗಾದರೆ ಚೆನ್ನಾಗಿಯೇ ಇರಬೇಕು.

ಕಾಲುಚೀಲ ಗಾಯಕ್ಕೆ ಅಂಟಿಕೊಂಡಿದ್ದನ್ನು ಕಂಡವಳು ಹೆಂಡತಿ. ಅಷ್ಟರಲ್ಲಿ ನಾಣ್ಯದಗಲದ ಕೆಂಪು ಕಪ್ಪಾಗಿತ್ತು, ಒಳಗೆ ಕೀವು ಕಟ್ಟಿ ಮೂಳೆಯವರೆಗೆ ಇಳಿದಿತ್ತು. ಆಸ್ಪತ್ರೆಗೆ ಸೇರಿಸಿದಾಗ ಮಾಮನಿಗೆ ಜ್ವರದಲ್ಲಿ ಮೈಮೇಲೆ ಪ್ರಜ್ಞೆಯಿರಲಿಲ್ಲ. ಮೊದಲು ಗಾಯದ ಸುತ್ತ ಕೊಳೆತದ್ದನ್ನು ಕೊಯ್ದು ತೆಗೆದರು. ಆಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ಸುದ್ದಿ ಕೇಳಿ ಡಾಕ್ಟರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಆಸ್ಪತ್ರೆಗೆ ಹೊರಡಬೇಕೆನ್ನುವಷ್ಟರಲ್ಲಿ ಮಾಮನ ಹೆಂಡತಿಯೇ ಕ್ಲಿನಿಕ್‌ಗೆ ಬಂದಳು. ಮುಂದಿನ ಕೋಣೆಯಲ್ಲಿ ನಾಲ್ಕೈದು ಜನ ಕೂತಿದ್ದರು. ಅವಳು ಕೂಗಾಡಲಿಲ್ಲ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

‘ನನ್ನ ಗಂಡ ನಡೆದುಕೊಂಡು ಇಲ್ಲಿಗೆ ಬಂದರು. ಈ ಅಮ್ಮ ಅವರ ಕಾಲು ಸುಟ್ಟರು. ಈಗ ಕಾಲಿಲ್ಲ. ನೀವು ಕೂತಿದ್ದೀರಲ್ಲ, ಯೋಚನೆ ಮಾಡಿ ಕೂತುಕೊಳ್ಳಿ.’

ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಕುರ್ಚಿಗಳೆಲ್ಲ ಖಾಲಿಯಾದವು. ಅಮ್ಮ ಎದ್ದುಹೋಗಿ ಬಾಗಿಲು ಹಾಕಿದಳು.

ಆಸ್ಪತ್ರೆಯ ಸರ್ಜನ್ ಡಾಕ್ಟರಮ್ಮನನ್ನು ಕಾರಿಡಾರಿನಲ್ಲೇ ನಿಲ್ಲಿಸಿ ಮಾತಾಡಿದ. ಸುಸ್ತಾಗಿದ್ದ ಮನುಷ್ಯ. ‘ರಕ್ತದಲ್ಲಿ ಸಕ್ಕರೆ ಯಾವ ಮಟ್ಟದಲ್ಲಿತ್ತು ಗೊತ್ತಾ? ಇದು ನಿನ್ನೆ ಮೊನ್ನೆಯ ಕಾಯಿಲೆಯಲ್ಲ, ವರ್ಷಗಟ್ಟಲೆಯದು. ಎರಡು ಪಾದಕ್ಕೂ ಸ್ಪರ್ಶವೇ ಇರಲಿಲ್ಲ. ನರ ಕೆಟ್ಟಿದ್ದರಿಂದ ಒಳಗೆ ಉರಿ ಇರುತ್ತೆ, ಆದರೆ ಹೊರಗಿಂದ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ನೀವು ಪರೀಕ್ಷೆ ಮಾಡಲಿಲ್ವಾ?’

‘ಮಾಡಿದೆ,’ ಎಂದಳು.

ವಾರ್ಡಿನಲ್ಲಿ ಮಾಮ ಒಬ್ಬನೇ ಇದ್ದ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅವಳನ್ನು ಕಂಡು ಎದ್ದು ಕೂರಲು ನೋಡಿದ, ಆಗಲಿಲ್ಲ.

‘ಹತ್ತಿಯಲ್ಲಿ ಮುಟ್ಟಿದಾಗ ಹಾಂ ಅಂದಿರಲ್ಲ ಮಾಮ,’ ಎಂದಳು ಅವಳು. ಜಗಳ ಮಾಡಬೇಕೆಂದು ಬಂದಿರಲಿಲ್ಲ, ಅದೇ ಮೊದಲು ಬಾಯಿಗೆ ಬಂತು.

ಮಾಮ ಹೊದಿಕೆಯನ್ನು ಸೊಂಟದವರೆಗೆ ಎಳೆದುಕೊಂಡ. ‘ನೀವು ಮುಂದಕ್ಕೆ ಬಗ್ಗಿದಾಗೆಲ್ಲ ಆ ಸ್ಟೂಲು ಕಿರ್ ಅನ್ನುತ್ತೆ ಡಾಕ್ಟ್ರೇ. ಕಿರ್ ಅಂದಾಗ ಹಾಂ ಅಂದೆ.’

‘ಯಾಕೆ?’

‘ಮರಗಟ್ಟಿದೆ ಅಂದ್ರೆ ನೀವು ಬರೆದುಕೊಳ್ತೀರಿ. ಬರೆದುಕೊಂಡ್ರೆ ಶಾಲೆಗೆ ಗೊತ್ತಾಗುತ್ತೆ. ಕಾಲು ಗೊತ್ತಾಗದವನ ಕೈಗೆ ಯಾರು ಬಸ್ಸು ಕೊಡ್ತಾರೆ? ಉರಿ ಮಾತ್ರ ತಡೆಯೋಕಾಗ್ತಿರಲಿಲ್ಲ. ಉರಿ ಕಡಿಮೆ ಆದ್ರೆ ಸಾಕು ಅಂದ್ಕೊಂಡೆ.’

ಅವಳಿಗೆ ಹಾಲಿನ ಕ್ರೇಟುಗಳು ಕಣ್ಣಮುಂದೆ ಬಂದವು. ಆ ಬಸ್ಸಿನ ನಾಲ್ಕನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ತನ್ನ ಮಗಳು ಕೂರುತ್ತಿದ್ದಳು.

‘ಒಂದು ಕೇಳ್ಕೊಳ್ತೀನಿ,’ ಎಂದ ಮಾಮ. ‘ಆಸ್ಪತ್ರೆಯವರು ಶಾಲೆಗೆ ಹೇಳಲ್ಲ. ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ. ನನ್ನ ಹೆಂಡತಿಗೂ ಗೊತ್ತಿಲ್ಲ. ನಂದಂತೂ ಹೋಯ್ತು. ಇವಳ ಕೆಲಸ, ಶಾಲೆಯವರು ಕೊಟ್ಟಿರೋ ಮನೆ, ಅದಾದ್ರೂ ಉಳೀಲಿ.’

ಅವಳು ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅವನ ಕೈಮೇಲೆ ಒಂದು ಕ್ಷಣ ಕೈಯಿಟ್ಟು ಹೊರಟುಬಂದಳು.

ಮಾಮನ ಹೆಂಡತಿ ವೈದ್ಯರ ಮಂಡಳಿಗೆ ದೂರು ಕೊಟ್ಟಳು. ವಿಚಾರಣೆಗೆ ದಿನ ಗೊತ್ತಾಯಿತು. ಕ್ಲಿನಿಕ್‌ಗೆ ಬರುವವರು ನಿಂತೇಹೋಗಿದ್ದರು. ಮಾಮ ಹೇಳಿದ್ದನ್ನು ಡಾಕ್ಟರಮ್ಮ ತನ್ನ ಅಮ್ಮನಿಗೆ ಮಾತ್ರ ಹೇಳಿದ್ದಳು; ಮನೆಯಲ್ಲಿ ಅಮ್ಮ ದಿನವೂ ಅದೇ ಮಾತು ಎತ್ತುತ್ತಿದ್ದಳು.

‘ಅವನೇ ಸುಳ್ಳು ಹೇಳಿ ಕಾಲು ಕಳ್ಕೊಂಡ. ನೀನ್ಯಾಕೆ ಬಾಯಿಗೆ ಬೀಗ ಹಾಕಿಕೊಂಡಿದೀಯ? ನಿನಗೂ ಒಂದು ಮಗು ಇದೆ.’

‘ನನ್ನ ಕೈ ನಿಂತಿತ್ತಮ್ಮ.’

‘ನಾನು ಕೂಗಿದೆ, ಅದಕ್ಕೆ ನಿಂತಿತು. ಹಾಗಾದ್ರೆ ನನ್ನನ್ನೂ ಸೇರಿಸಿ ಹೇಳು,’ ಎಂದು ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಮ್ಮ ಅದನ್ನೇ ಇಷ್ಟು ದಿನ ಒಳಗೊಳಗೇ ನುಂಗಿಕೊಂಡಿದ್ದಳೆಂಬುದು ಡಾಕ್ಟರಮ್ಮನಿಗೆ ಆಗಲೇ ಗೊತ್ತಾದದ್ದು.

ಡಾಕ್ಟರಮ್ಮನಿಗೆ ದಿಕ್ಕು ತೋಚಲಿಲ್ಲ. ಮಾಮನ ಸುಳ್ಳನ್ನು ಮಂಡಳಿಯ ಮುಂದೆ ಬಿಚ್ಚಿಟ್ಟರೆ ತನ್ನ ಹೆಸರು ಸ್ವಲ್ಪವಾದರೂ ಉಳಿದೀತು. ಆದರೆ ಅದರಿಂದ ಯಾವ ಮಗುವಿಗೂ ಇನ್ನು ಉಪಕಾರವಿಲ್ಲ. ಅವನು ಮತ್ತೆ ಬಸ್ಸು ಹತ್ತುವವನಲ್ಲ. ಬಾಯಿ ಬಿಟ್ಟರೆ ಅದು ತನಗಾಗಿ ಮಾತ್ರ. ಕೊನೆಗೆ, ಅವನ ಹೆಂಡತಿಗೆ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನೋಡೋಣ ಎಂದು ನಿರ್ಧರಿಸಿದಳು. ಬೇರೆಯವರ ಬಾಯಿಂದ ಕೇಳುವ ಗತಿ ಅವಳಿಗೆ ಬರಬಾರದು.

ಶಾಲೆಯ ಹಿಂದಿನ ಗೋಡೆಗೆ ಒರಗಿದಂತೆ ಎರಡು ಕೋಣೆಯ ಮನೆ. ಬಾಗಿಲ ಪಕ್ಕ ಗೋಡೆಗೆ ಒಂದು ಗಾಲಿಕುರ್ಚಿ ಮಡಿಸಿಟ್ಟಿತ್ತು, ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಡಾಕ್ಟರಮ್ಮನನ್ನು ಕಂಡು ನಲ್ಲಿ ನಿಲ್ಲಿಸಿದಳು, ಕೂರಿ ಎನ್ನಲಿಲ್ಲ.

ಡಾಕ್ಟರಮ್ಮ ನಿಂತೇ ಹೇಳಿದಳು. ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದು, ಕಾಲಿಗೆ ಸ್ಪರ್ಶವಿಲ್ಲದ್ದು, ಸ್ಟೂಲಿನ ಸದ್ದು, ಎಲ್ಲ. ‘ನನ್ನ ತಪ್ಪೂ ಇದೆ. ಕೈ ನಿಂತಿತ್ತು. ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ ನಿಮಗೆ ತಿಳಿದಿರಲಿ ಅಂತ ಬಂದೆ.’

ಹೆಂಡತಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

‘ನನಗೆ ಗೊತ್ತಿತ್ತು,’ ಎಂದಳು.

‘ಯಾವಾಗಿನಿಂದ?’ ಎಂದಳು ಡಾಕ್ಟರಮ್ಮ.

‘ಒಂದು ದಿನ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಅಂಗಡಿಯಿಂದ ಬಂದರು. ಇನ್ನೊಂದು ದಾರಿಯಲ್ಲೇ ಬಿದ್ದುಹೋಗಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಅವತ್ತೇ ತಿಳೀತು. ಅವರು ನನಗೆ ಹೇಳಲಿಲ್ಲ. ನನಗೆ ಗೊತ್ತಾಗಿದೆ ಅಂತ ನಾನೂ ಹೇಳಲಿಲ್ಲ.’ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ‘ಆಮೇಲೆ ಪಕ್ಕದ ಸೀಟಿಗೆ ಬಂದು ಕೂತೆ. ಮುಂಚೆ ಹಿಂದೆ ಮಕ್ಕಳ ಜೊತೆ ಕೂರ್ತಿದ್ದೆ. ಕಾಲು ಬ್ರೇಕಿನ ಮೇಲೆ ಸರಿಯಾಗಿ ಕೂತಿದ್ಯಾ, ಜಾರಿದ್ಯಾ ಅಂತ ನೋಡ್ತಿದ್ದೆ. ಜಾರಿದ್ರೆ ಕೆಮ್ಮುತ್ತಿದ್ದೆ. ಅವರು ಬಗ್ಗಿ ನೋಡಿಕೊಳ್ಳೋರು. ಒಂದು ವರ್ಷದಿಂದ ನಾನು ಮಕ್ಕಳ ಮುಖ ನೋಡಿಲ್ಲ ಡಾಕ್ಟ್ರೇ. ಆ ಕಾಲನ್ನೇ ನೋಡ್ತಾ ಕೂತಿದ್ದೆ.’

‘ಗೇಟಿನ ಹತ್ತಿರ ಬಸ್ಸು ಫುಟ್‌ಪಾತ್ ಹತ್ತಿದ್ದು?’

‘ಅವತ್ತು ಒಂದು ಮಗು ವಾಂತಿ ಮಾಡ್ತು. ಒರೆಸೋಕೆ ಎದ್ದುಹೋಗಿದ್ದೆ.’

ಹೊರಗೆ ಶಾಲೆಯ ಗಂಟೆ ಹೊಡೆಯಿತು. ಆಟದ ಬಯಲಿನಿಂದ ಮಕ್ಕಳ ಗದ್ದಲ ಗೋಡೆಯ ಮೇಲಿಂದ ಒಳಗೆ ಬಂತು. ‘ನನ್ನ ಮಗಳಿದ್ದಳು ಆ ಬಸ್ಸಿನಲ್ಲಿ,’ ಎಂದಳು ಡಾಕ್ಟರಮ್ಮ.

‘ಗೊತ್ತು. ನಾನೇ ಕೈಹಿಡಿದು ಹತ್ತಿಸ್ತಿದ್ದೆ.’

‘ಗೊತ್ತಿದ್ದೂ ನನ್ನ ಮೇಲೆ ದೂರು ಕೊಟ್ರಿ.’

‘ನೀವು ಸುಟ್ಟಿದ್ದು ಸುಳ್ಳಾ?’

‘ಅಲ್ಲ.’

‘ಹಾಗಾದ್ರೆ ಅಷ್ಟನ್ನೇ ಹೇಳಿದ್ದೀನಿ. ಮುಂಚಿಂದ ಕಾಲು ಸತ್ತಿತ್ತು ಅಂತಾದ್ರೆ ನಾವಿಬ್ಬರೂ ಬೀದಿಗೆ. ನಿಮ್ಮಿಂದ ಆಯ್ತು ಅಂದ್ರೆ ಜನ ನಮಗೆ ಅಯ್ಯೋ ಅಂತಾರೆ. ಅಯ್ಯೋ ಅನ್ನೋರು ಮನೆ ಖಾಲಿ ಮಾಡಿ ಅನ್ನಲ್ಲ.’ ಅವಳು ಮತ್ತೆ ನಲ್ಲಿ ತಿರುಗಿಸಿದಳು. ‘ನೀವು ಏನು ಹೇಳ್ತೀರೋ ಹೇಳಿ. ನಾನು ತಡೆಯೋಕಾಗಲ್ಲ.’

ವಿಚಾರಣೆಯ ಕೋಣೆ ಚಿಕ್ಕದು. ಉದ್ದ ಮೇಜಿನ ಆಚೆ ಮೂವರು, ಈಚೆ ಡಾಕ್ಟರಮ್ಮ. ಮಾಮನ ಹೆಂಡತಿ ಹಿಂದಿನ ಬೆಂಚಿನಲ್ಲಿ. ಡಾಕ್ಟರಮ್ಮ ಬರುವಾಗಲೂ ಏನು ಹೇಳಬೇಕೆಂದು ತೀರ್ಮಾನಿಸಿರಲಿಲ್ಲ. ಹಿಡಿಕೆ ನಿಂತದ್ದನ್ನು ತಾನಾಗಿ ಹೇಳಿದಳು. ಮಾರನೆಯ ದಿನ ಹುಡುಕಿಕೊಂಡು ಹೋಗಿ ಗಾಯ ನೋಡದೇ ಇದ್ದದ್ದನ್ನೂ ಹೇಳಿದಳು. ಆಗ ಮಧ್ಯದಲ್ಲಿ ಕೂತಿದ್ದ ನರೆಗೂದಲಿನ ಹೆಂಗಸು ಕೇಳಿದಳು:

‘ಕೈ ನಿಂತಾಗ ರೋಗಿ ಕಾಲೆಳೆದುಕೊಳ್ಳಲಿಲ್ಲವೇ? ಯಾರೇ ಆದರೂ ಎಳೆದುಕೊಳ್ಳುತ್ತಾರಲ್ಲ.’

ಹಿಂದಿನ ಬೆಂಚಿನಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು. ನಿಜವಾದ ಕೆಮ್ಮೋ, ಎಚ್ಚರಿಕೆಯೋ ಡಾಕ್ಟರಮ್ಮನಿಗೆ ಎಂದೂ ಗೊತ್ತಾಗಲಿಲ್ಲ. ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ, ಹೌದು ಎಂದರೆ ಸುಳ್ಳಾಗುತ್ತದೆ. ಮಗಳು ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕೈಬೀಸುತ್ತಿದ್ದದ್ದು ನೆನಪಾಯಿತು. ಆ ನೆನಪಿಗೆ ಸಿಟ್ಟು ಉಕ್ಕಿಬಂತು, ಸಿಟ್ಟಿನ ಬೆನ್ನಿಗೇ ಮಾತೂ ಹೊರಬಿತ್ತು.

‘ಅವರ ಕಾಲಿಗೆ ಏನೂ ಗೊತ್ತಾಗುತ್ತಿರಲಿಲ್ಲ,’ ಎಂದಳು. ‘ಬಹಳ ದಿನದಿಂದ. ನಾನು ಪರೀಕ್ಷೆ ಮಾಡಿದಾಗ ಗೊತ್ತಾಗುತ್ತೆ ಅಂದರು. ನಾನು ನಂಬಿದೆ.’

ಹೆಂಡತಿಗೂ ಗೊತ್ತಿತ್ತು ಎಂಬುದನ್ನು ಹೇಳಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಆದರೂ ಅದು ಅಷ್ಟಕ್ಕೇ ನಿಲ್ಲಲಿಲ್ಲ. ವಿಷಯ ಶಾಲೆಗೆ ಮುಟ್ಟಿತು, ಶಾಲೆಯಿಂದ ಅಪ್ಪಅಮ್ಮಂದಿರಿಗೆ. ಮಾಮನ ಹೆಸರು ಹೇಳಿಕೊಂಡು ನಗುತ್ತಿದ್ದವರೇ ಗೇಟಿನ ಮುಂದೆ ಗುಂಪುಗೂಡಿ ಅವನ ಜನ್ಮ ಜಾಲಾಡಿದರು. ಪಕ್ಕದಲ್ಲೇ ಕೂತಿದ್ದ ಹೆಂಡತಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವರೇ ಲೆಕ್ಕ ಹಾಕಿದರು. ಅವಳನ್ನು ಕೆಲಸದಿಂದ ತೆಗೆದರು. ಮನೆ ಬಿಡಿಸಿದರು. ಪೊಲೀಸರು ಬಂದು ಮಾಮನ ಹಾಸಿಗೆಯ ಪಕ್ಕ ಕೂತು ಕೇಳಿಕೊಂಡು ಹೋದರು. ಕಾಲಿಲ್ಲದವನನ್ನು ಎಲ್ಲಿಗೆಂದು ಎಳೆದುಕೊಂಡು ಹೋಗುವುದು ಎಂದು ಸುಮ್ಮನಾದರು. ಡಾಕ್ಟರಮ್ಮನ ಪರವಾನಗಿಯನ್ನು ಮಂಡಳಿ ಕೆಲವು ತಿಂಗಳು ತಡೆಹಿಡಿಯಿತು. ಆ ತೀರ್ಪು ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎಂದು ಅವಳಿಗೆ ಅನ್ನಿಸಿತು. ಅಮ್ಮನಿಗೆ ಮಾತ್ರ ಹೆಚ್ಚೆನ್ನಿಸಿತು.

ಮಗಳು ಒಂದು ಸಂಜೆ ಕೇಳಿದಳು. ‘ಬಸ್ ಮಾಮ ಕೆಟ್ಟವರಾ?’

‘ಅಲ್ಲ ಪುಟ್ಟಿ.’

‘ಮತ್ತೆ ನೀನ್ಯಾಕೆ ಹೇಳಿದೆ?’

ಡಾಕ್ಟರಮ್ಮ ಮಗಳ ಜಡೆ ಬಿಚ್ಚುತ್ತಿದ್ದಳು. ಜಡೆ ಪೂರ್ತಿ ಬಿಚ್ಚಿ ಬಾಚಣಿಗೆ ಕೈಗೆ ತೆಗೆದುಕೊಂಡಳು.

ಕ್ಲಿನಿಕ್ ಮತ್ತೆ ತೆರೆದ ಮೇಲೆ ಅವಳು ಒಮ್ಮೆ ಮಾಮನನ್ನು ನೋಡಲು ಹೋದಳು. ಹೆಂಡತಿಯ ಅಕ್ಕನ ಮನೆಯ ಹಿಂದೆ, ಸಾಮಾನು ಇಡುತ್ತಿದ್ದ ಕೋಣೆಯಲ್ಲಿ ಇದ್ದರು. ಹೆಂಡತಿ ಬಾಗಿಲಲ್ಲಿ ದಾರಿ ಬಿಟ್ಟು ಸರಿದಳೇ ಹೊರತು ಮಾತಾಡಲಿಲ್ಲ. ಮಾಮ ಬಹಳ ಇಳಿದುಹೋಗಿದ್ದ. ಎಡಗಾಲಿಗೂ ಬ್ಯಾಂಡೇಜು ಇತ್ತು. ತಮಾಷೆ ಮಾಡಲು ಬಾಯಿ ತೆರೆದು, ಮನಸ್ಸು ಬಾರದೆ ಸುಮ್ಮನಾದ ಹಾಗೆ ಕಂಡಿತು.

‘ನಿಮ್ಮ ಮೇಲೆ ಸಿಟ್ಟಿಲ್ಲ ಡಾಕ್ಟ್ರೇ,’ ಎಂದ. ‘ಮಕ್ಕಳಿಗೆ ಏನೂ ಆಗಲಿಲ್ಲವಲ್ಲ. ನೆನೆಸಿಕೊಂಡ್ರೆ ಮೈ ಬೆವರುತ್ತೆ. ಆದರೆ ನೀವು ಬಂದ್ರೆ ಇವಳು ಆಮೇಲೆ ಊಟ ಮಾಡಲ್ಲ. ಇನ್ನು ಬರಬೇಡಿ.’

‘ಎಡಗಾಲು ಒಮ್ಮೆ ನೋಡ್ತೀನಿ ಮಾಮ.’

‘ಬೇಡ,’ ಎಂದಳು ಹೆಂಡತಿ ಬಾಗಿಲಲ್ಲೇ ನಿಂತು.

ಡಾಕ್ಟರಮ್ಮ ಎದ್ದು ಬಂದಳು. ಮತ್ತೆ ಹೋಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಮಾಮ ತೀರಿಕೊಂಡ. ಸುದ್ದಿ ಸರ್ಜನ್‌ನಿಂದ ಬಂತು, ಮಣ್ಣು ಮಾಡಿ ಆದ ಮೇಲೆ. ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಡಾಕ್ಟರಮ್ಮ ತನ್ನ ರೋಗಿಗಳನ್ನು ರಕ್ತಪರೀಕ್ಷೆಗೆಂದು ಅಲ್ಲಿಗೆ ಕಳಿಸುವುದುಂಟು, ಕೆಲವೊಮ್ಮೆ ತಾನೇ ಜೊತೆಗೆ ಹೋಗುವುದುಂಟು. ಹಾಸಿಗೆಬಟ್ಟೆ ತುಂಬಿದ ಗಾಡಿ ತಳ್ಳಿಕೊಂಡು ಅವಳು ಕಾರಿಡಾರಿನಲ್ಲಿ ಎದುರಾದರೆ ಡಾಕ್ಟರಮ್ಮ ಗೋಡೆಗೆ ಸರಿದು ನಿಲ್ಲುತ್ತಾಳೆ. ಅವಳು ಗಾಡಿ ನಿಲ್ಲಿಸುವುದಿಲ್ಲ.